ಬೆಂಕಿ ಬೆಟ್ಟ ನೋಡಿ ಬಂದ ಸೂಟ್‌ಕೇಸು

ಅಮೆರಿಕದ ನಮ್ಮ ನೇಪರ್‌ವಿಲ್‌ನಿಂದ ನಾವು ಎಲ್ಲಿಗೇ ಹೊರಟರೂ ಗೊಂದಲ ನಮಗಿಂತ ಮೊದಲೇ ಹೋಗಿ ಅಲ್ಲಿ ಇಳಿದುಕೊಂಡಿರುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮ ಮನೆಯವರಿಗೆ ಇಟಲಿಯಲ್ಲಿ ಆಫೀಸಿನ ಕೆಲಸವಿತ್ತು. ಅದು ಮುಗಿಯುತ್ತಲೇ ಸಿಸಿಲಿಯ ಪಕ್ಕದ ಜ್ವಾಲಾಮುಖಿ ದ್ವೀಪಗಳನ್ನು ಎರಡು ದಿನ ನೋಡಿ ಬರೋಣ ಅಂತ ನನ್ನನ್ನೂ ಅತ್ತೆಯನ್ನೂ ಕರೆಸಿಕೊಂಡರು.

ಅತ್ತೆ ಹೊರಡುವ ಮುಂಚೆಯೇ ಫೋನಿನಲ್ಲಿ ಮಗನಿಗೆ ಷರತ್ತು ಹಾಕಿದ್ದರು. "ಮಂಗಳವಾರ ನಿಮ್ಮಪ್ಪನ ತಿಥಿ ಕಣೋ. ಸೋಮವಾರ ಸಾಯಂಕಾಲಕ್ಕೆ ನಾನು ಮನೇಲಿರಬೇಕು. ಕಾರ್ಯ ತಪ್ಪಿದ್ರೆ ನಿನ್ನ ಮುಖ ನೋಡಲ್ಲ."

ಪಕ್ಕದೂರು ಅರೋರಾದ ಪುರೋಹಿತರಿಗೆ ಹೇಳಿಯಾಗಿತ್ತು. ನೋವೈಯಲ್ಲಿರುವ ನನ್ನ ನಾದಿನಿ ಐದು ಗಂಟೆ ಡ್ರೈವ್ ಮಾಡಿಕೊಂಡು ಬರುವವಳಿದ್ದಳು. ನಮ್ಮ ಮಗಳನ್ನು ಅವಳ ಮನೆಯಲ್ಲೇ ಬಿಟ್ಟು ಹೊರಟೆವು.

೧. ಸಾಲಿನ ಮಹಿಮೆ

ಮಿಲಾಝೋ ಎಂಬ ಬಂದರಿನಿಂದ ದೋಣಿ ಹಿಡಿಯಬೇಕು. ಅಲ್ಲಿ ಗೇಟ್ ನಂಬರ್ ಇಲ್ಲ, ಬೋರ್ಡ್ ಇಲ್ಲ. ವೇಗದ ದೋಣಿಗೆ ಒಂದು ಕಿಟಕಿ, ಕಾರುಗಳನ್ನೂ ಹೊತ್ತೊಯ್ಯುವ ನಿಧಾನದ ಹಡಗಿಗೆ ಇನ್ನೊಂದು. ಎರಡರ ಮುಂದೆಯೂ ಜನ ಮದುವೆ ಊಟದ ಎರಡನೇ ಪಂಕ್ತಿಗೆ ನುಗ್ಗುವ ಹಾಗೆ ನುಗ್ಗುತ್ತಿದ್ದರು.

ನಮ್ಮ ಮನೆಯವರಿಗೆ ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದು ಸಾಲು ಕಂಡರೆ ಭಕ್ತಿ ಬರುತ್ತದೆ. ಸ್ವಲ್ಪ ದೂರದಲ್ಲಿ ಒಂದು ಸಾಲು ತುಂಬ ಶಿಸ್ತಾಗಿ ನಿಂತಿತ್ತು. "ಇದೇ ಇರಬೇಕು, ಎಷ್ಟು ನೀಟಾಗಿದೆ ನೋಡು" ಅಂತ ಹೋಗಿ ನಿಂತರು. ಅರ್ಧ ಗಂಟೆಯ ಮೇಲೆ ಮೂರು ಕಪ್ ನಿಂಬೆಹಣ್ಣಿನ ಐಸ್ ಹಿಡಿದುಕೊಂಡು ವಾಪಸ್ ಬಂದರು.

"ಟಿಕೆಟ್ ಎಲ್ರೀ?" ಅಂದೆ.

"ಅಷ್ಟೊತ್ತು ನಿಂತ ಮೇಲೆ ಏನೂ ಬೇಡ ಅಂದ್ರೆ ಅವನಿಗೆ ಬೇಜಾರಾಗಲ್ವಾ?" ಅಂದರು.

ಅಷ್ಟರಲ್ಲಿ ಅತ್ತೆ ನುಗ್ಗುವ ಗುಂಪಿನೊಳಗೆ ಮೊಣಕೈ ತೂರಿಸಿ, ಮೂರು ಬೆರಳು ತೋರಿಸಿ, ಟಿಕೆಟ್ ತಂದಿದ್ದರು. ಮೈಸೂರಿನ ಸಿಟಿ ಬಸ್ಸು ಹತ್ತಿ ಪಳಗಿದ ಮೊಣಕೈ ಅದು.

೨. ವಾಸನೆ

ದೋಣಿ ಮೊದಲ ದ್ವೀಪಕ್ಕೆ ಹತ್ತಿರವಾದಾಗ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಯಾರೋ ಮೊಟ್ಟೆ ಬೇಯಿಸ್ತಿದಾರೆ. ನಾನಿಲ್ಲಿ ಕೂರಲ್ಲ" ಅಂತ ಎದ್ದು ಮುಂದಿನ ಸೀಟಿಗೆ ಹೋದರು. ಮುಂದೆ ಹೋದಷ್ಟೂ ವಾಸನೆ ಜಾಸ್ತಿಯಾಯಿತು. "ಊರಿಗೆ ಊರೇ ಬೇಯಿಸ್ತಿದೆಯಲ್ಲೋ" ಅಂದರು.

ಅದು ಬೆಟ್ಟದಿಂದ ಬರುವ ಗಂಧಕದ ಹೊಗೆ ಅಂತ ಮಗ ವಿವರಿಸಿದರು. ಅತ್ತೆ ಸಮಾಧಾನವಾಗಿ ಬೆಟ್ಟಕ್ಕೊಂದು ಕೈ ಮುಗಿದರು. ಆಮೇಲೆ ನಮ್ಮ ಮನೆಯವರಿಗೆ ಅನುಮಾನ ಬಂತು. "ಅಲ್ಲಮ್ಮಾ, ಹುಟ್ಟಿದಾಗಿಂದ ಮನೆಗೆ ಮೊಟ್ಟೆ ಸೇರಿಸಿದೋಳಲ್ಲ ನೀನು. ವಾಸನೆ ಹೇಗೆ ಗೊತ್ತು?"

"ನಿಮ್ಮಪ್ಪ ಪ್ರತಿ ಶನಿವಾರ ಆಫೀಸಿಂದ ಅದೇ ವಾಸನೆ ಹೊತ್ಕೊಂಡು ಬರ್ತಿದ್ರು. ಬಾಯಿಗೆ ಏಲಕ್ಕಿ ಹಾಕ್ಕೊಂಡ್ರೆ ನಂಗೊತ್ತಾಗಲ್ಲ ಅನ್ಕೊಂಡಿದ್ರು, ಪಾಪ. ಮೂವತ್ತೆಂಟು ವರ್ಷ ಗೊತ್ತಿಲ್ಲದ ಹಾಗೇ ಇದ್ದೆ."

ನಾನು ಸಮುದ್ರ ನೋಡುತ್ತ ಕೂತೆ. ನಮ್ಮ ಗರಾಜಿನ ಫ್ರಿಡ್ಜಿನಲ್ಲಿ ಸೋಡಾ ಡಬ್ಬಿಗಳ ಹಿಂದೆ ಮಗಳಿಗೆಂದು ಒಂದು ಡಜನ್ ಮೊಟ್ಟೆ ಇಟ್ಟಿದ್ದೆ. ಆರು ವರ್ಷದಿಂದ ಅತ್ತೆಗೆ ತಿಳಿಯದಂತೆ ಕಾಪಾಡಿಕೊಂಡು ಬಂದ ಗುಟ್ಟು ಅದು.

೩. ರಾಹುಕಾಲ

ನಾವು ಉಳಿದದ್ದು ಲಿಪಾರಿ ದ್ವೀಪದಲ್ಲಿ. ಅಲ್ಲಿಂದ ಮುಂದೆ ಸ್ಟ್ರಾಂಬೋಲಿ ಅಂತ ಇನ್ನೊಂದು ದ್ವೀಪ, ಅಲ್ಲಿ ಬೆಟ್ಟ ನಿಜವಾಗಿಯೂ ಬೆಂಕಿ ಉಗುಳುತ್ತದೆ. ನಮ್ಮ ಮನೆಯವರಿಗೆ ಅದನ್ನು ನೋಡುವ ಆಸೆ. "ತಿಥಿ ಇಟ್ಕೊಂಡು ಬೆಂಕಿ ಹತ್ರ ಹೋಗ್ತಾರಾ?" ಅಂತ ಅತ್ತೆ ಬಿಡಲಿಲ್ಲ.

ಭಾನುವಾರ ವಾಪಸಾತಿ. ದೋಣಿ ನಾಲ್ಕು ನಲವತ್ತಕ್ಕೆ. ಮರುದಿನ ಬೆಳಿಗ್ಗೆ ವಿಮಾನ. ಬಂದರಿನಲ್ಲಿ ಕೂತ ಮೇಲೆ ಅತ್ತೆಗೆ ಹೊಳೆಯಿತು. "ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ ಕಣೋ. ಅದ್ರಲ್ಲಿ ಹೊರಡೋದಾ?"

"ಹಂಗಂತ ದೋಣಿಯವರಿಗೆ ಹೇಳಕ್ಕಾಗುತ್ತಾ?"

"ನಾಲ್ಕೂವರೆ ಒಳಗೆ ನಮ್ಮ ಸಾಮಾನು ಹೊರಟುಬಿಟ್ರೆ ನಾವು ಹೊರಟ ಹಾಗೇ ಲೆಕ್ಕ. ನಮ್ಮಪ್ಪ ಹಂಗೇ ಮಾಡ್ತಿದ್ರು, ಹಿಂದಿನ ದಿನವೇ ಚೀಲ ಪಕ್ಕದ್ಮನೇಲಿ ಇಟ್ಟು ಬರೋರು."

ನಾಲ್ಕು ಇಪ್ಪತ್ತೈದಕ್ಕೆ ಒಂದು ದೋಣಿ ಬಂತು. ನಮ್ಮದೇ ಬೇಗ ಬಂದಿದೆ ಅಂದುಕೊಂಡು ನಮ್ಮ ಮನೆಯವರು ಓಡಿಹೋಗಿ ಸೂಟ್‌ಕೇಸನ್ನು ಒಳಗಿಟ್ಟು, ಅತ್ತೆಯನ್ನು ಕರೆದೊಯ್ಯಲು ಇಳಿದು ಬಂದರು. ಅತ್ತೆ ಎದ್ದು, ಮಂಡಿ ನೀವಿಕೊಂಡು, ಚಪ್ಪಲಿ ಮೆಟ್ಟುವಷ್ಟರಲ್ಲಿ ದೋಣಿ ಹೊರಟುಹೋಯಿತು.

ಅದು ಸ್ಟ್ರಾಂಬೋಲಿಗೆ ಹೋಗುವ ದೋಣಿ. ನಮ್ಮ ಮೂವರ ಪಾಸ್‌ಪೋರ್ಟೂ ಸೂಟ್‌ಕೇಸಿನಲ್ಲಿದ್ದವು.

ನಮ್ಮ ನಾಲ್ಕು ನಲವತ್ತರ ದೋಣಿ ಸರಿಯಾದ ಹೊತ್ತಿಗೆ ಬಂದು, ನಮ್ಮನ್ನು ನೋಡಿಕೊಂಡು ಹೋಯಿತು. ಅತ್ತೆ ಅಳುವುದೊಂದು ಬಾಕಿ. ಟಿಕೆಟ್ ಕಿಟಕಿಯವನಿಗೆ ನಮ್ಮ ಮನೆಯವರು ಕೈಸನ್ನೆಯಲ್ಲಿ ರಾಹುಕಾಲ ವಿವರಿಸಲು ನೋಡಿದರು. ಅವನಿಗೆ ರಾಹು ಅರ್ಥವಾಗದಿದ್ದರೂ ಸೂಟ್‌ಕೇಸು ಅರ್ಥವಾಯಿತು, ಫೋನ್ ಮಾಡಿದ. ಏಳು ಗಂಟೆಗೆ ಅದೇ ದೋಣಿ ಹಿಂದಿರುಗಿ ಬಂತು. ನಾವು ನೋಡದ ಬೆಂಕಿ ಬೆಟ್ಟವನ್ನು ನಮ್ಮ ಪಾಸ್‌ಪೋರ್ಟುಗಳು ನೋಡಿಕೊಂಡು ಬಂದವು.

ಏಳೂವರೆಯ ನಿಧಾನದ ಹಡಗು ಹತ್ತಿದೆವು. "ಸದ್ಯ, ರಾಹುಕಾಲ ಕಳೆದು ಹೊರಟ್ವಿ" ಅಂತ ಅತ್ತೆ ಕಣ್ಣು ಮುಚ್ಚಿದರು. ನಮ್ಮ ಮನೆಯವರು ಫೋನಿನಲ್ಲಿ ಪಂಚಾಂಗ ತೆಗೆದು ನನಗೆ ತೋರಿಸಿದರು. ಬೇಸಿಗೆಯ ಉದ್ದ ಹಗಲಲ್ಲವೇ, ಆ ಊರಿಗೆ ಅವತ್ತು ರಾಹುಕಾಲ ಶುರುವಾಗಿದ್ದೇ ಆರೂ ಇಪ್ಪತ್ತೈದಕ್ಕೆ, ಮುಗಿಯುವುದು ಎಂಟೂಕಾಲಿಗೆ. ಅತ್ತೆ ಕಣ್ಣು ಬಿಡುವ ಮೊದಲೇ ಫೋನನ್ನು ಜೇಬಿಗಿಳಿಸಿದರು.

೪. ಕಾಗೆ

ರಾಹು ಏನೂ ಮಾಡಲಿಲ್ಲ. ಸೋಮವಾರ ಮನೆ ಸೇರಿದೆವು, ಮಂಗಳವಾರ ಕಾರ್ಯ ಸಾಂಗವಾಗಿ ಮುಗಿಯಿತು. ಪುರೋಹಿತರು ಇನ್ನೊಂದು ಮನೆಗೆ ಹೊರಟುಹೋದರು. ಹಿತ್ತಿಲ ಡೆಕ್ಕಿನ ಮರದ ಹಲಗೆಗಳ ಮೇಲೆ ಎಲೆಯಲ್ಲಿ ಅನ್ನ, ವಡೆ, ಪಾಯಸ ಇಟ್ಟು ಕಾಗೆಗೆ ಕಾದೆವು. ಕಾಗೆ ಮುಟ್ಟದೆ ಅತ್ತೆ ಊಟ ಮಾಡುವವರಲ್ಲ. ಬೆಳಿಗ್ಗೆಯಿಂದ ಉಪವಾಸ, ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ.

ಎರಡು ಗಂಟೆಯಾಯಿತು. ಅಳಿಲು ಬಂತು, ಓಡಿಸಿದೆವು. ಬಾತು ಬಂತು, ಅದು ನಮ್ಮನ್ನೇ ಓಡಿಸಿತು. ಕಾಗೆಗಳು ಬೇಲಿಯಾಚೆಯ ಮರದಲ್ಲಿ ಕೂತು ನೋಡುತ್ತಿದ್ದವು, ಇಳಿಯಲಿಲ್ಲ.

"ನಮ್ಮ ನೋವೈ ಕಾಗೆಗಳಾದ್ರೆ ಕರೆದ ತಕ್ಷಣ ಬರ್ತವೆ" ಅಂದಳು ನಾದಿನಿ. ಅಣ್ಣ ತಂಗಿ ಊರಿನ ಮೇಲೆ ಜಗಳಕ್ಕೆ ನಿಂತರು.

ಅತ್ತೆಯ ಕೈ ನಡುಗತೊಡಗಿತ್ತು. "ಅವರಿಗೆ ಕೋಪ ಬಂದಿದೆ" ಅಂದರು. ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಆಮೇಲೆ ಅತ್ತೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು. "ಗರಾಜಿನ ಫ್ರಿಡ್ಜಲ್ಲಿ, ಸೋಡಾ ಡಬ್ಬಿ ಹಿಂದೆ ಇಟ್ಟಿದೀಯಲ್ಲ. ಅದ್ರಲ್ಲಿ ಒಂದು ಬೇಯಿಸ್ಕೊಂಡು ಬಾ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗರಾಜಿನಲ್ಲೇ ಕ್ಯಾಂಪಿಂಗ್ ಒಲೆ ಹಚ್ಚಿ ಬೇಯಿಸಿ, ಸುಲಿದು ತಂದುಕೊಟ್ಟೆ. ಅತ್ತೆ ಅದನ್ನು ಸೆರಗಿನ ಮರೆಯಲ್ಲಿ ಒಯ್ದು ವಡೆಯ ಪಕ್ಕದಲ್ಲಿಟ್ಟರು. ಮೇಲೊಂದು ಏಲಕ್ಕಿಯನ್ನೂ ಇಟ್ಟರು.

ಎರಡು ನಿಮಿಷ ಆಗಿರಲಿಲ್ಲ. ದಪ್ಪನೆಯ ಒಂದು ಕಾಗೆ ಇಳಿದು ಬಂದು, ಅನ್ನ ವಡೆಗಳ ಕಡೆ ತಿರುಗಿಯೂ ನೋಡದೆ, ಮೊಟ್ಟೆಗೇ ಕೊಕ್ಕು ಹಾಕಿತು.

ಅತ್ತೆ ಕಣ್ಣೊರೆಸಿಕೊಂಡು ಕೈ ಮುಗಿದರು. "ಇನ್ಮೇಲಾದ್ರೂ ಕದ್ದುಮುಚ್ಚಿ ತಿನ್ನೋದು ಬೇಡ" ಅಂದರು.

ಕಾಗೆಗೆ ಹೇಳಿದರೋ ನಮಗೆ ಹೇಳಿದರೋ ಇವತ್ತಿಗೂ ಗೊತ್ತಾಗಿಲ್ಲ. ಮೊಟ್ಟೆ ಇನ್ನೂ ಗರಾಜಿನಲ್ಲೇ ಇದೆ, ಸೋಡಾ ಡಬ್ಬಿಗಳ ಮುಂದೆ.