ಅಳಿವೆಯಲ್ಲಿ ಅತ್ತೆಯ ಪರದೆ

ಹೆರಿಂಗ್ ಮೀನು ಮೊಟ್ಟೆಯಿಡಲು ದಡಕ್ಕೆ ಬರುವ ಕಾಲದಲ್ಲಿ ಅಲಾಸ್ಕಾದ ನಮ್ಮ ದ್ವೀಪದ ಪ್ರತಿಯೊಬ್ಬ ಗಂಡಸಿಗೂ ತಾನೊಬ್ಬ ದಂಡನಾಯಕ ಎಂಬ ಭ್ರಮೆ ಹತ್ತುತ್ತದೆ. ಈ ಸಲ ಅರ್ನಿಗೆ ಅದು ಹಿಮ ಕರಗುವ ಮೊದಲೇ ಹತ್ತಿತ್ತು.

"ಈ ವರ್ಷ ನಿಂಗೆ ನಿಮ್ಮಮ್ಮನ ಅಳಿವೆ ಮೊಟ್ಟೇನೇ ತಿನ್ನಿಸ್ತೀನಿ," ಎಂದು ಅವನು ಬೆಳಗಿನ ಕಾಫಿಯ ಮುಂದೆ ಕುಳಿತು ಹೆಂಡತಿಗೆ ಘೋಷಿಸಿದ. "ತಿನ್ನಿಸದೇ ಹೋದ್ರೆ ನನ್ನ ಹೆಸರು ಅರ್ನಿ ಅಲ್ಲ."

ಪೌಲೀನ್ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದವಳು ತಲೆಯೆತ್ತಲಿಲ್ಲ. "ಅಲ್ಲಿಗೆ ಮೀನು ಬರೋದು ನಿಂತೇ ಹೋಯ್ತಲ್ಲ," ಎಂದಳಷ್ಟೆ.

ಹಳೆಯ ಪೌಲೀನ್ ಆಗಿದ್ದರೆ "ಹಾಗಾದ್ರೆ ಈಗಲೇ ಒಂದು ಹೊಸ ಹೆಸರು ಹುಡುಕ್ಕೋ" ಎನ್ನುತ್ತಿದ್ದಳು. ಮದುವೆಯಾದಂದಿನಿಂದ ಅರ್ನಿ ಆ ಬಾಯಿಗೆ ಹೆದರಿಕೊಂಡೇ ಬದುಕಿದವನು. ದೋಣಿ ಕಟ್ಟಿದ್ದು ಸರಿಯಿಲ್ಲ ಎಂದು ಬೈಗುಳ, ಬೂಟಿನ ಕೆಸರು ಒಳಗೆ ತಂದದ್ದಕ್ಕೆ ಬೈಗುಳ, ಬೈಗುಳಕ್ಕೆ ನಕ್ಕರೆ ಅದಕ್ಕೊಂದು ಬೈಗುಳ. ಅವಳಮ್ಮ ತೀರಿಕೊಂಡ ಮೇಲೆ ಆ ಬಾಯಿ ನಿಂತುಹೋಯಿತು. ಬಯಸಿದ್ದ ಶಾಂತಿ ಸಿಕ್ಕಿತಲ್ಲ ಎಂದು ಅವನು ಖುಷಿಪಡಬೇಕಿತ್ತು. ಆದರೆ ಅವನಿಗೆ ಮನೆಯಲ್ಲಿ ಕುಳಿತರೆ ಕಿವಿ ಬಣಬಣ ಅನ್ನಿಸತೊಡಗಿತು. ಹೆಂಡತಿಯ ಬೈಗುಳಕ್ಕಾಗಿ ಹಂಬಲಿಸುತ್ತಿದ್ದೇನೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಪೌಲೀನ್‌ಳ ಹಂಬಲ ಬೇರೆ. ಹಳ್ಳವೊಂದು ಸಮುದ್ರ ಸೇರುವ ಸಣ್ಣ ಅಳಿವೆಯಲ್ಲಿ ಅವಳಮ್ಮ ಪ್ರತಿ ವರ್ಷ ಎಳೆಯ ಹೆಮ್ಲಾಕ್ ಮರದ ತುದಿಗಳನ್ನು ಕಡಿದು, ಕಲ್ಲು ಕಟ್ಟಿ ಇಳಿಬಿಡುತ್ತಿದ್ದಳು. ಹೆಣ್ಣು ಹೆರಿಂಗ್ ಬಂದು ಎಲೆಗಳಿಗೆ ಹೊಟ್ಟೆ ಉಜ್ಜಿ ಮೊಟ್ಟೆ ಅಂಟಿಸುತ್ತಿದ್ದವು. ಗಂಡುಗಳು ಹಿಂದೆಯೇ ಬಂದು ನೀರನ್ನೆಲ್ಲ ಹಾಲು ಮಾಡಿಬಿಡುತ್ತಿದ್ದವು. ಅಮ್ಮ ಹಾಸಿಗೆ ಹಿಡಿದ ವರ್ಷವೇ ಮೀನೂ ಅಲ್ಲಿಗೆ ಬರುವುದನ್ನು ನಿಲ್ಲಿಸಿತು. ಊರಿನವರೆಲ್ಲ ದೂರದ ದ್ವೀಪದ ಕಡೆ ಕೊಂಬೆ ಇಳಿಸಲು ಹೋದರು. ಅಲ್ಲಿಯ ಮೊಟ್ಟೆ ಯಾರು ತಂದುಕೊಟ್ಟರೂ ಪೌಲೀನ್ ತೆಗೆದುಕೊಂಡು ಪಕ್ಕದ ಮನೆಗೆ ದಾಟಿಸುತ್ತಿದ್ದಳು. ಬಾಯಿಗೆ ಮಾತ್ರ ಇಡುತ್ತಿರಲಿಲ್ಲ.

ಅಂತೂ ಅರ್ನಿ ಮೊಣಕಾಲು ನೋವನ್ನೂ ಲೆಕ್ಕಿಸದೆ ಗುಡ್ಡ ಹತ್ತಿ, ಹೆಮ್ಲಾಕ್ ಕಡಿದು, ಅಳಿವೆಯಲ್ಲಿ ಇಳಿಸಿದ. ಪೌಲೀನ್‌ಳ ತಮ್ಮ ಕ್ಲಾರೆನ್ಸ್ ದೋಣಿಯ ಇನ್ನೊಂದು ತುದಿಯಲ್ಲಿ ಕುಳಿತು ಕೆಲಸ ಬಿಟ್ಟು ಬೇರೆಲ್ಲ ಮಾಡಿದ.

"ಭಾವ, ಈ ದಾರಿ ಮೀನಿಗೆ ಮರೆತೇ ಹೋಗಿದೆ."

"ನೆನಪು ಮಾಡ್ಸೋಣ ಬಿಡೋ."

"ನೀವು ಹದ್ದಿನ ಕುಲದೋರು ಅಷ್ಟೆ. ಮೇಲಿಂದ ಒಂದು ಸುತ್ತು ಹೊಡೆದು, ಎಲ್ಲಾ ಕಂಡುಬಿಡ್ತು ಅಂತೀರ."

"ನೀವು ಕಾಗೆ ಕುಲದೋರು ಕೂತಲ್ಲೇ ಕೂಗ್ತಾ ಇರಿ. ಮೊಟ್ಟೆ ತಿನ್ನೋ ಹೊತ್ತಿಗೆ ಮಾತ್ರ ಮೊದಲು ಬರ್ತೀರಲ್ಲ." ನಮ್ಮಲ್ಲಿ ಹದ್ದಿನ ಕುಲದವರು ಕಾಗೆ ಕುಲದವರನ್ನೇ ಮದುವೆಯಾಗುವುದು, ಹಾಗಾಗಿ ಭಾವ ಭಾಮೈದರ ನಡುವೆ ಈ ಕೀಟಲೆ ಮಾಮೂಲಿ.

ಕೊಂಬೆ ಇಳಿಸಿದ್ದೇ ತಡ, ದಂಡನಾಯಕನಿಗೆ ಶತ್ರುಗಳು ಕಂಡರು. ಬಂಡೆಗಳ ಮೇಲೆ ಕಡಲಕ್ಕಿಗಳು ಊಟಕ್ಕೆ ಕುಳಿತ ಬೀಗರ ಹಾಗೆ ಸಾಲಾಗಿ ಕುಳಿತಿದ್ದವು. ನೀರಿನಲ್ಲಿ ಬಾತುಗಳು ಬೇರೆ. ಅಪ್ಪಿತಪ್ಪಿ ನಾಲ್ಕು ಮೊಟ್ಟೆ ಅಂಟಿದರೂ ಇವು ಉಳಿಸುವುದಿಲ್ಲ ಎಂದು ಅರ್ನಿಗೆ ಖಾತ್ರಿಯಾಯಿತು. ಕೊಂಬೆಗಳಿಗೆ ಏನಾದರೂ ಹೊದಿಸಬೇಕು. ಬಲೆ ಹೊದಿಸಿದರೆ ಮೀನೇ ಸಿಕ್ಕಿಬೀಳುತ್ತದೆ. ಸಣ್ಣ ಕಣ್ಣಿನದು, ಮೃದುವಾದದ್ದು ಬೇಕು.

ಮನೆಗೆ ಬಂದಾಗ ಪೌಲೀನ್ ಇರಲಿಲ್ಲ, ಹೊಲಿಗೆಗೆಂದು ಚರ್ಚಿನ ಹೆಂಗಸರ ಜೊತೆ ಹೋಗಿದ್ದಳು. ಮುಂದಿನ ಕೋಣೆಯ ಕಿಟಕಿಯಲ್ಲಿ ಬಿಳಿಯ ಹೆಣಿಗೆ ಪರದೆ ತೂಗುತ್ತಿತ್ತು. ಅವನ ಅತ್ತೆ ಒಂದು ಇಡೀ ಚಳಿಗಾಲ ಒಲೆಯ ಪಕ್ಕ ಕುಳಿತು ಕೊಕ್ಕೆಸೂಜಿಯಲ್ಲಿ ಗುಲಾಬಿ ಗುಲಾಬಿಯಾಗಿ ಹೆಣೆದ ಪರದೆ ಅದು. ಅರ್ನಿ ಅದನ್ನು ನೋಡಿದ. ಅತ್ತೆಯ ಫೋಟೊ ಅವನನ್ನು ನೋಡಿತು. "ಎರಡು ದಿನಕ್ಕೆ ಮಾತ್ರ," ಎಂದು ಅವನು ಫೋಟೊಗೆ ಹೇಳಿ ಸ್ಟೂಲು ಹತ್ತಿದ.

ಪರದೆಯ ತೂತಿನಲ್ಲಿ ಕಿರುಬೆರಳು ಹೋಗುತ್ತದೆ. ಹೆರಿಂಗ್ ಮೀನು ಅಂಗೈಗಿಂತ ಉದ್ದ. ಈ ಎರಡೂ ಸಂಗತಿ ಅವನಿಗೆ ಹುಟ್ಟಿದಂದಿನಿಂದ ಗೊತ್ತಿದ್ದವೇ. ಆದರೆ ಆವತ್ತು ಅವೆರಡೂ ಅವನ ತಲೆಯಲ್ಲಿ ಒಂದನ್ನೊಂದು ಭೇಟಿಯಾಗಲಿಲ್ಲ.

ಸಂಜೆ ಪೌಲೀನ್ ಬಾಗಿಲಲ್ಲೇ ನಿಂತಳು. "ಪರದೆ ಎಲ್ಲಿ?"

"ನೆನೆ ಹಾಕಿದೀನಿ," ಎಂದ ಅರ್ನಿ. ಸುಳ್ಳಂತೂ ಅಲ್ಲ.

"ನೀನಾ?"

"ಕೊಳೆಯಾಗಿತ್ತು ಮಾರಾಯ್ತಿ. ಸ್ವಲ್ಪ ಹೊತ್ತು ನೆನೀಲಿ ಅಂತ."

ಅವಳು ಅಡುಗೆಮನೆಗೆ ಹೋದಳು. ಒಂದು ಬೈಗುಳವೂ ಬೀಳದೇ ಹೋದದ್ದೇ ಅರ್ನಿಯ ಎದೆಗೆ ಚುಚ್ಚಿತು. ಅಲ್ಲಿಂದಾಚೆ ಅವನ ಸಂಸಾರ ಬೀದಿ ನಾಟಕವಾಯಿತು. ಅವನು ಸೂಪು ಕುಡಿಯುವುದನ್ನು ಹಾದುಹೋಗುವವರು ನೋಡಿ ಕೈಬೀಸಿದರು. ಬರೀ ಒಳಚಡ್ಡಿಯಲ್ಲಿ ನಿಂತು ಟವೆಲ್ಲು ಹುಡುಕುತ್ತಿದ್ದವನಿಗೆ ಪಾದ್ರಿಗಳು ರಸ್ತೆಯಿಂದಲೇ ಶುಭೋದಯ ಹೇಳಿದರು. "ಇನ್ನೂ ನೆನೀತಾ ಇದೆಯಾ?" ಎಂದು ಪೌಲೀನ್ ದಿನಾ ಮೆತ್ತಗೆ ಕೇಳಿದಳು. "ಹಟಮಾರಿ ಕೊಳೆ," ಎಂದು ಅವನು ದಿನಾ ಹೇಳಿದ.

ಒಂದು ಮಧ್ಯಾಹ್ನ ಕ್ಲಾರೆನ್ಸ್ ಬಾಗಿಲು ಬಡಿಯದೆ ಒಳಗೆ ಬಂದ. ಊರು ಕೇಳುವಂತೆ ಕಿರುಚಿ ಅಭ್ಯಾಸವಿದ್ದವನು ಪಿಸುಗುಟ್ಟುತ್ತಿದ್ದ. "ಅಕ್ಕಾ, ಅಮ್ಮನ ಅಳಿವೆ ಬೆಳ್ಳಗಾಗಿದೆ."

ಪೌಲೀನ್‌ಳ ಕೈಯಿಂದ ಸೌಟು ಜಾರಿತು. ಅದು ನೆಲ ಮುಟ್ಟುವ ಮೊದಲೇ ಕ್ಲಾರೆನ್ಸ್ ಹಿಡಿದುಕೊಂಡ. ಹೆರಿಂಗ್‌ನಷ್ಟು ನಾಚಿಕೆಯ ಮೀನು ಇನ್ನೊಂದಿಲ್ಲ. ದಿನಗಟ್ಟಲೆ ದಡದ ಹತ್ತಿರ ಸುಳಿದಾಡಿ, ಜಾಗ ಒಪ್ಪಿಗೆಯಾದರೆ ಮಾತ್ರ ಮೊಟ್ಟೆಯಿಡುತ್ತದೆ, ಗದ್ದಲ ಕೇಳಿದರೆ ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿಬಿಡುತ್ತದೆ. ಅದಕ್ಕೇ ಆ ದಿನಗಳಲ್ಲಿ ನಮ್ಮಲ್ಲಿ ಯಾರೂ ದನಿಯೆತ್ತುವುದಿಲ್ಲ, ಎಂಜಿನ್ ಓಡಿಸುವುದಿಲ್ಲ, ಹಲಗೆಗೆ ಮೊಳೆ ಹೊಡೆಯುವುದೂ ಇಲ್ಲ.

ಹುಟ್ಟುಗಳಿಗೆ ಬಟ್ಟೆ ಸುತ್ತಿ, ಅರ್ನಿಯೂ ಸೇರಿ ಮೂವರೂ ದೋಣಿಯಲ್ಲಿ ಹೊರಟರು. ಅಳಿವೆಯ ನೀರು ಹಾಲು ಬೆರೆಸಿದಂತಿತ್ತು. ಅಡಿಯಲ್ಲಿ ಬೆಳ್ಳಿ ಮಿಂಚಿ ಮಾಯವಾಗುತ್ತಿತ್ತು. ಪೌಲೀನ್ ದೋಣಿಯಂಚು ಹಿಡಿದು ನೋಡಿದಳು, ಕಣ್ಣು ತುಂಬಿತು. "ಅಮ್ಮ ಇರಬೇಕಿತ್ತು," ಎಂದಳು ಮೆಲ್ಲಗೆ. ಅರ್ನಿ ಗೆದ್ದೆ ಎಂದುಕೊಂಡ.

ಆಗ ಅಲೆಯೊಂದು ಸರಿಯಿತು. ನೀರಿನಡಿ ಒಂದು ಹೆಣಿಗೆಯ ಗುಲಾಬಿ ತಲೆದೂಗಿತು.

"ಅದೇನದು?" ಎಂದಳು ಪೌಲೀನ್, ಪಿಸುದನಿಯಲ್ಲಿ.

"ನೆನೆ ಹಾಕಿದೀನಿ ಅಂದಿದ್ನಲ್ಲ," ಎಂದ ಅರ್ನಿ, ಇನ್ನೂ ಪಿಸುದನಿಯಲ್ಲಿ.

"ಅಮ್ಮನ ಪರದೆ? ಸಮುದ್ರದಲ್ಲಿ? ತಲೇಲಿ ಮಿದುಳಿದೆಯಾ, ಮೀನೆಣ್ಣೆ ತುಂಬಿದೆಯಾ ನಿಂಗೆ?"

"ಕಡಲಕ್ಕಿ ಬರದ ಹಾಗೆ ಹೊದಿಸ್ದೆ..."

"ಮೀನು ಒಳಗೆ ಹೇಗೆ ಹೋಗುತ್ತೆ, ಬಾಗಿಲು ತಟ್ಟಿನಾ?"

ಅರ್ನಿಯ ತಲೆಯಲ್ಲಿ ಕಿರುಬೆರಳೂ ಅಂಗೈಯೂ ಕೊನೆಗೆ ಭೇಟಿಯಾದವು. ಪೌಲೀನ್ ಬಾಯಿ ತೆರೆದಳು, ನೀರು ನೋಡಿದಳು, ಮುಚ್ಚಿದಳು. ಮುಖ ಕೆಂಪಾಗಿತ್ತು. ಅಷ್ಟು ಕಾಲ ಕಟ್ಟಿಟ್ಟಿದ್ದೆಲ್ಲ ಗಂಟಲವರೆಗೆ ಬಂದು ನಿಂತಿತ್ತು, ಹೊರಗೆ ಬಿಡುವಂತಿರಲಿಲ್ಲ. "ಮೀನು ಹೋಗ್ಲಿ. ಆಮೇಲಿದೆ ನಿಂಗೆ," ಎಂದು ಹಲ್ಲುಕಚ್ಚಿ ಉಸಿರಿದಳು. ಕ್ಲಾರೆನ್ಸ್ ನಗು ತಡೆಯಲಾರದೆ ಟೊಪ್ಪಿಯನ್ನೇ ಬಾಯಿಗೆ ತುರುಕಿಕೊಂಡ.

ನೀರು ಮತ್ತೆ ತಿಳಿಯಾದ ಮೇಲೆ ಮೂವರೂ ಹೋಗಿ ಹಗ್ಗ ಎಳೆದರು. ಒಳಗಿದ್ದ ಅರ್ನಿಯ ಹೆಮ್ಲಾಕ್ ಕೊಂಬೆಗಳು ಕಡಿದ ದಿನ ಹೇಗಿದ್ದವೋ ಹಾಗೇ ಹಸಿರಾಗಿದ್ದವು, ಒಂದು ಮೊಟ್ಟೆಯೂ ಇಲ್ಲ. ಪರದೆ ಮಾತ್ರ ಕೌದಿಯಷ್ಟು ದಪ್ಪವಾಗಿತ್ತು. ಎಳೆ ಎಳೆಗೂ, ಗುಲಾಬಿ ಗುಲಾಬಿಗೂ ಮೊಟ್ಟೆ ಮುತ್ತಿತ್ತು.

"ಭಾವ, ನಿನ್ನ ಕೊಂಬೆ ಮೀನಿಗೆ ಒಗ್ಗಲಿಲ್ಲ. ಅವಕ್ಕೆ ಅಮ್ಮನ ಕೈಕೆಲಸವೇ ಬೇಕಿತ್ತು," ಎಂದ ಕ್ಲಾರೆನ್ಸ್.

ಪೌಲೀನ್ ಅಂಚಿನಿಂದ ಒಂದು ತುಣುಕು ಬಿಡಿಸಿ ಹಸಿಯಾಗಿಯೇ ಬಾಯಿಗಿಟ್ಟಳು. ಮೊಟ್ಟೆ ಹಲ್ಲಿನಡಿ ಚಟಚಟ ಒಡೆಯುವುದು ಅರ್ನಿಗೂ ಕೇಳಿಸಿತು. ಅವಳು ಬಹಳ ಹೊತ್ತು ಅಗಿದಳು. ಕಣ್ಣೀರು ಗಲ್ಲಕ್ಕಿಳಿಯಿತು, ಒರೆಸಿಕೊಳ್ಳಲಿಲ್ಲ. "ಇದೇ," ಎಂದಳು. "ಇದೇ ರುಚಿ."

ಒಂದು ಬುಟ್ಟಿಯಷ್ಟು ಬಿಡಿಸಿಕೊಂಡು, ಉಳಿದದ್ದನ್ನು ಪರದೆಯ ಸಮೇತ ತಾನೇ ಮತ್ತೆ ನೀರಿಗಿಳಿಸಿದಳು. "ಮರಿಯಾಗ್ಲಿ. ಹುಟ್ಟಿದ ಜಾಗ ಅವು ಇನ್ಮೇಲೆ ಮರೆಯಲ್ಲ."

"ಪರದೆ?" ಎಂದ ಅರ್ನಿ.

"ಅಮ್ಮಂದು, ಅಮ್ಮನ ಜಾಗದಲ್ಲೇ ಇರುತ್ತೆ." ತಮ್ಮನ ಕಡೆ ತಿರುಗಿದಳು. "ದೊಡ್ಡ ಮೀನೆಲ್ಲ ಹೋದ್ವೇನೋ?"

"ಹೋದ್ವು ಅಕ್ಕ."

ಪೌಲೀನ್ ಬಾಯಿ ಒರೆಸಿಕೊಂಡು, ಗಂಡನ ಕಡೆ ತಿರುಗಿ, ಶುರುಮಾಡಿದಳು. ಪರದೆಯಿಂದ ಹಿಡಿದು ಸ್ಟೂಲಿಗೆ ಬಂದು, ಸ್ಟೂಲಿನಿಂದ ಕೆಸರು ಬೂಟಿಗೆ ಹೋಗಿ, ಬೂಟಿನಿಂದ ಮದುವೆಯ ದಿನ ಅವನು ಉಂಗುರ ಮರೆತು ಬಂದಲ್ಲಿಗೆ ಮುಟ್ಟಿದಳು. ಬಂಡೆಯ ಮೇಲಿನ ಕಡಲಕ್ಕಿಗಳು ಒಟ್ಟಿಗೆ ಮೇಲೆದ್ದವು. ಗುಡ್ಡ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿತು. ಅರ್ನಿ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತ. ಅವನಿಗೆ ಅಳು ಬರುವಷ್ಟು ಸಂತೋಷವಾಗಿತ್ತು. ಅದನ್ನು ಮುಚ್ಚಿಕೊಳ್ಳಲು ಏನಾದರೂ ಹೇಳಬೇಕಿತ್ತು.

"ಸ್ವಲ್ಪ ಮೆಲ್ಲಗೆ ಮಾರಾಯ್ತಿ. ಮೊಟ್ಟೆಗೆ ಕೇಳಿಸುತ್ತೆ."

"ಕೇಳ್ಲಿ," ಎಂದಳು ಪೌಲೀನ್. "ತಿರುಗಿ ಬರೋದು ಯಾರ ಮನೆಗೆ ಅಂತ ಈಗಲೇ ಗೊತ್ತಾಗ್ಲಿ."