ಮೊದಲ ಸಾಲಿನ ಕುರ್ಚಿಯೊಂದಕ್ಕೆ ಉತ್ತರ ಬಾರದಿರುವ ಬಗ್ಗೆ

ಆಹ್ವಾನ ಮತ್ತು ಪ್ರತ್ಯುತ್ತರ ಶಾಖೆ (ತಾತ್ಕಾಲಿಕ)
ಸಂಖ್ಯೆ: ನೂವಿ/ಆಹ್ವಾನ/ಉತ್ತರ/೧೪

ವಿಷಯ: ನೂತನ ವಿಶ್ವವಿದ್ಯಾಲಯದ ಸಂಸ್ಥಾಪನಾ ಸಮಾರಂಭದ ಆಹ್ವಾನಗಳಿಗೆ ಉತ್ತರಿಸುವ ಕ್ರಮ.

ಉಲ್ಲೇಖ: (೧) ಇದೇ ಶಾಖೆಯ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ). (೨) ಮೇಲ್ಮಹಡಿಯಿಂದ ಅಂಚೆಯಣ್ಣನ ಮೂಲಕ ಬಂದ ಮೌಖಿಕ ಆಕ್ಷೇಪಣೆ.

ನೂತನ ವಿಶ್ವವಿದ್ಯಾಲಯಕ್ಕೆ ಕಟ್ಟಡ, ಗ್ರಂಥಾಲಯ ಹಾಗೂ ಅಧ್ಯಾಪಕರು ಕ್ರಮೇಣ ಒದಗಲಿದ್ದು, ಸದ್ಯಕ್ಕೆ ಸಮಾರಂಭ ಮಾತ್ರ ಸಿದ್ಧವಾಗಿದೆ. ಎಲ್ಲರ ಉತ್ತರ ಬಾರದೆ ಕುರ್ಚಿಗಳಿಗೆ ಹೆಸರು ಅಂಟಿಸುವಂತಿಲ್ಲ. ಬಂದಿರುವ ಉತ್ತರಗಳೋ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿವೆ. ಆದ್ದರಿಂದ ಸಂಬಂಧಪಟ್ಟವರೆಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಉತ್ತರವು "ಬರುತ್ತೇನೆ" ಅಥವಾ "ಬರುವುದಿಲ್ಲ" ಎಂದೇ ಇರತಕ್ಕದ್ದು. "ನೋಡೋಣ", "ಆದ್ರೆ ಬರ್ತೀನಿ", "ನಾನ್ ಬರ್ದೆ ಇರ್ತೀನಾ?" ಇವುಗಳನ್ನು ತಲಾ ಅರ್ಧ ಕುರ್ಚಿ ಎಂದು ಪರಿಗಣಿಸಲಾಗುವುದು. ಇಂಥ ಇಬ್ಬರೂ ಬಂದುಬಿಟ್ಟಲ್ಲಿ ಒಂದೇ ಕುರ್ಚಿಯಲ್ಲಿ ಹೊಂದಿಕೊಂಡು ಕೂರತಕ್ಕದ್ದು.

೨. "ಬರುತ್ತೇನೆ" ಎಂದು ಬರೆದು ಕೊನೆಗಳಿಗೆಯಲ್ಲಿ ಕೈಕೊಡುವವರು ತಮ್ಮಷ್ಟೇ ಗಾತ್ರದ ಬಂಧುವೊಬ್ಬರನ್ನು ಬದಲಿಗೆ ಕಳುಹಿಸತಕ್ಕದ್ದು. ಸದರಿ ಬಂಧುವು ಭಾಷಣದ ವೇಳೆ ಗೊರಕೆ ಹೊಡೆದಲ್ಲಿ, ಆ ಗೊರಕೆಯನ್ನು ಮೂಲ ಆಹ್ವಾನಿತರದೆಂದೇ ಭಾವಿಸಲಾಗುವುದು.

೩. ಬಾರದವರು ಕಾರಣ ನೀಡತಕ್ಕದ್ದು. ಹೊಟ್ಟೆನೋವಿನ ಕೋಟಾ ಭರ್ತಿಯಾಗಿದೆ. ಒಬ್ಬ ಪ್ರಾಧ್ಯಾಪಕರ ಚಿಕ್ಕಪ್ಪನವರು ಈ ವರ್ಷ ಮೂರನೆಯ ಬಾರಿ ತೀರಿಕೊಂಡಿರುವುದಾಗಿ ತಿಳಿದುಬಂದಿದ್ದು, ಸದರಿ ಚಿಕ್ಕಪ್ಪನವರು ಸ್ವತಃ "ಬರುತ್ತೇನೆ" ಎಂದು ಉತ್ತರಿಸಿರುತ್ತಾರೆ.

೪. ಉತ್ತರಗಳನ್ನು ಕುಲಸಚಿವರ ಹೆಸರಿಗೇ ಕಳುಹಿಸತಕ್ಕದ್ದು. ಕುಲಸಚಿವರನ್ನು ಸಮಾರಂಭದ ವೇದಿಕೆಯಲ್ಲಿಯೇ ನೇಮಿಸಲಾಗುವುದರಿಂದ, ಅಲ್ಲಿಯವರೆಗೆ ಯಾವ ಲಕೋಟೆಯನ್ನೂ ತೆರೆಯತಕ್ಕದ್ದಲ್ಲ. ಮೇಲೆ ಹೇಳಿದ ಉತ್ತರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಲಾಗಿದೆ.

೫. ಆಹ್ವಾನಗಳು ನೋಂದಾಯಿತ ಅಂಚೆಯಲ್ಲೇ ಹೋಗತಕ್ಕದ್ದು. ರಕ್ತಸಂಬಂಧಿಗಳಿಗೂ ವಿನಾಯಿತಿ ಇರುವುದಿಲ್ಲ. ಅದರಂತೆ ಕೆಳಸಹಿದಾರರು ತಮ್ಮ ಮನೆಯ ಮೇಲ್ಮಹಡಿಯಲ್ಲೇ ವಾಸವಿರುವ ಅಕ್ಕನವರಿಗೂ ಅಂಚೆಯಲ್ಲೇ ಕಳುಹಿಸಿದ್ದು, ಅಕ್ಕನವರು ಹೊಲಿಗೆಯಂತ್ರದಿಂದ ತಲೆಯೆತ್ತದೆ, "ಕೆಳಗಡೆ ಮನೇಲಿರೋ ತಮ್ಮ ನನ್ನ ಅಂಚೇಲಿ ಕರೀತಾನಾ? ಮೆಟ್ಲು ಹತ್ತೋಕೆ ಅವ್ನ ಕಾಲಿಗೇನ್ ಬಂದಿದೆ? ವಾಪಸ್ ತಗೊಂಡ್ ಹೋಗಣ್ಣ" ಎಂದು ನುಡಿದು, ಸ್ವೀಕೃತಿಗೆ ಸಹಿ ಹಾಕಲು ನಿರಾಕರಿಸಿರುತ್ತಾರೆ.

೬. ಹೀಗೆ ಉತ್ತರ ಬಾರದ ಅಕ್ಕನವರ ಕುರ್ಚಿಯನ್ನು ಬೇರೆಯವರಿಗೆ ನೀಡುವಂತೆ ಮೇಲಧಿಕಾರಿಗಳು ಆದೇಶಿಸಿದ ಮೇರೆಗೆ ಪರಿಶೀಲಿಸಲಾಗಿ, ಈ ಅಂಶಗಳು ಕಂಡುಬಂದಿವೆ:

(ಅ) ಅಕ್ಕನವರು ಕಾಲೇಜು ಬಿಟ್ಟು ಹೊಲಿಗೆಗೆ ಕೂತಿದ್ದರಿಂದಲೇ ಕೆಳಸಹಿದಾರರು ಪದವೀಧರರಾದರು.

(ಆ) ಕೆಳಸಹಿದಾರರು ಸಮಾರಂಭಕ್ಕೆ ತೊಡಲಿರುವ ಅಂಗಿಯನ್ನೂ ಅವರೇ ಹೊಲಿಯುತ್ತಿದ್ದು, ಆಕ್ಷೇಪಣೆಯ ದಿನದಿಂದ ಕೆಲಸವು ಒಂದೇ ತೋಳಿಗೆ ನಿಂತಿರುತ್ತದೆ.

(ಇ) ನೂತನ ವಿಶ್ವವಿದ್ಯಾಲಯದಲ್ಲಿ ವಯಸ್ಸಿನ ಮಿತಿ ಇಲ್ಲವೆಂದು ಕೇಳಿ ಅಕ್ಕನವರು, "ಹಂಗಾದ್ರೆ ನಾನೂ ಸೇರ್ಕೋಬೋದೇನೋ?" ಎಂದು ವಿಚಾರಿಸಿದ್ದು, "ನಮೂನೆ ಇನ್ನೂ ಅಚ್ಚಾಗಿರುವುದಿಲ್ಲ" ಎಂದು ಉತ್ತರಿಸಲಾಗಿತ್ತು. ಇಂಥ ಉತ್ತರ ಕೊಟ್ಟವರು ಪರರಿಗೆ ಉತ್ತರಿಸುವ ಕ್ರಮ ಕಲಿಸಲು ಹೊರಟಿರುವುದು ಶಾಖೆಗೆ ನಾಚಿಕೆಯ ಸಂಗತಿಯಾಗಿದೆ.

೭. ಆದ್ದರಿಂದ ಕಂಡಿಕೆ ೫ನ್ನು ರದ್ದುಪಡಿಸಲಾಗಿದೆ. ಮೊದಲ ಸಾಲಿನ ನಡುವಿನ ಕುರ್ಚಿಯನ್ನು ಅಕ್ಕನವರಿಗೆ ಕಾದಿರಿಸಲಾಗಿದ್ದು, ಮುಖ್ಯ ಅತಿಥಿಗಳು ಪಕ್ಕಕ್ಕೆ ಸರಿಯತಕ್ಕದ್ದು. ಅಕ್ಕನವರು ಬಂದು ಕೂರುವವರೆಗೆ ವಿಶ್ವವಿದ್ಯಾಲಯವನ್ನು ಸ್ಥಾಪಿಸತಕ್ಕದ್ದಲ್ಲ.

ಸಹಿ/-
ಅಧೀಕ್ಷಕರು (ಹಾಗೂ ತಮ್ಮ)
ಆಹ್ವಾನ ಮತ್ತು ಪ್ರತ್ಯುತ್ತರ ಶಾಖೆ

ಪ್ರತಿಗಳು:
೧. ಕುಲಸಚಿವರು – ನೇಮಕಗೊಂಡ ನಂತರ.
೨. ಕುರ್ಚಿ ಗುತ್ತಿಗೆದಾರರು – ಅರ್ಧ ಕುರ್ಚಿಗಳ ಬಗ್ಗೆ ಅಗತ್ಯ ಕ್ರಮಕ್ಕಾಗಿ.
೩. ಪ್ರಾಧ್ಯಾಪಕರ ಚಿಕ್ಕಪ್ಪನವರು – ದೀರ್ಘಾಯುಷ್ಯದ ಹಾರೈಕೆಯೊಂದಿಗೆ.
೪. ಕಚೇರಿ ಪ್ರತಿ.
೫. ಅಕ್ಕನವರು – ಅಂಚೆಯಲ್ಲಲ್ಲ. ಕೆಳಸಹಿದಾರರು ಖುದ್ದಾಗಿ ಮೆಟ್ಟಿಲು ಹತ್ತಿ, ಹೊಲಿಗೆಯಂತ್ರ ನಿಲ್ಲುವವರೆಗೆ ಬಾಗಿಲಲ್ಲೇ ಕಾದು, ಬಾಯಿತುಂಬ ಕರೆಯುವರು.

ಲಗತ್ತು: ಪ್ರವೇಶದ ಅರ್ಜಿ ನಮೂನೆ, ಅಚ್ಚಾದವುಗಳಲ್ಲಿ ಮೊದಲನೆಯದು.