ಉಣ್ಣುವ ತನಕ ಕೇಳುವಂತಿಲ್ಲ

ಯಾರನ್ನೇ ಕಂಡರೂ ಎಲ್ಲಿಯವರು, ಯಾಕೆ ಬಂದರು ಎಂದು ತಿಳಿಯದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ. ಇದು ರೋಗವೋ ಬುದ್ಧಿಯೋ, ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಗೊತ್ತಿಲ್ಲ, ಮೊಮ್ಮಕ್ಕಳಾದರೂ ವಾಸಿಯಾಗಿಲ್ಲ. ಅಂಥವಳನ್ನು ಕೊಟ್ಟದ್ದು ಎಂಥ ಮನೆಗೆ? ಲಕ್ಷ್ಮೇಶ್ವರದ ಕಡೆಯಿಂದ ಗದಗಿಗೆ ಹತ್ತಿ ಹೇರಿಕೊಂಡು ಹೋಗುವ ಬಂಡಿಗಳು ತಲೆಮಾರುಗಳಿಂದ ಇಳಿದುಕೊಳ್ಳುತ್ತಿದ್ದ ಹೊಲದ ಮನೆಗೆ. ಮುಂದೆ ಉದ್ದನೆಯ ಕಟ್ಟೆ, ಹಿಂದೆ ದನದ ಕೊಟ್ಟಿಗೆ, ಸುತ್ತ ನಮ್ಮದೇ ಜೋಳ, ಶೇಂಗಾ. ಅತ್ತೆಯ ಕಟ್ಟಳೆ ಒಂದೇ: ಬಂದವರು ಉಂಡು ಕೈತೊಳೆಯುವ ತನಕ ಹೆಸರು, ಊರು, ಜಾತಿ, ಕೆಲಸ ಯಾವುದನ್ನೂ ಕೇಳುವಂತಿಲ್ಲ. ಹುಸೇನಸಾಬನಿಗೂ ಹನುಮಪ್ಪನಿಗೂ ಒಂದೇ ರೊಟ್ಟಿ. ಅತ್ತೆ ಹೋದಳು, ಲಾರಿಗಳು ಬಂದು ಬಂಡಿಗಳೂ ಹೋದವು. ಕಟ್ಟಳೆ ಮಾತ್ರ ನನ್ನ ಕೊರಳಿಗೇ ಬಿತ್ತು.

ರಸ್ತೆ ಅಗಲ ಮಾಡುತ್ತಾರೆ, ಹಾದಿ ಬದಿಯ ಮನೆಗಳ ಮುಂಭಾಗ ಕೆಡವುತ್ತಾರೆ ಎಂದು ಸುದ್ದಿ ಹಬ್ಬಿತ್ತು. ಆಗಲೇ ಒಂದು ಮಧ್ಯಾಹ್ನ ಪ್ಯಾಂಟು ತೊಟ್ಟವನೊಬ್ಬ ಬಸ್ಸಿಳಿದು ಬಂದ. “ಯವ್ವಾರ, ಸ್ವಲ್ಪ ಅಳತಿ ತಗೋತೀನ್ರಿ” ಎಂದವನೇ ಟೇಪು ಬಿಚ್ಚಿ ನಮ್ಮ ಕಟ್ಟೆಗೇ ಹಿಡಿದ. ರಸ್ತೆ ಕಚೇರಿಯವನೇ ಇರಬೇಕು ಎಂದುಕೊಂಡೆ. ಕಟ್ಟೆ ಹೋದರೆ ಈ ಮನೆಯಲ್ಲಿ ಉಳಿಯುವುದೇನು? ಒಲೆ ಮತ್ತು ನನ್ನ ಗಂಡ.

“ಮೊದಲ ಊಟಕ್ಕ ಏಳ್ರಿ” ಎಂದೆ.

“ಇವತ್ತ ಸೋಮವಾರ ಅಲ್ರಿ? ಹೊತ್ತ ಮುಣುಗಿದ ಮ್ಯಾಲ ಉಣ್ತೀನ್ರಿ.”

ಹಗ್ಗ ಹೊಸೆಯುತ್ತಿದ್ದ ನನ್ನ ಗಂಡ, “ಬಾಯಿ ಬಿಟ್ಟಿ ನೋಡು, ನಮ್ಮವ್ವ ನೋಡಾಕತ್ತಾಳ” ಎಂದು ಗೋಡೆಯ ಮೇಲಿದ್ದ ಅತ್ತೆಯ ಫೋಟೋ ತೋರಿಸಿದ.

ಕೇಳಬಾರದು, ಸರಿ. ಹೇಳಬಾರದೆಂದು ಅತ್ತೆ ಎಲ್ಲಿ ಹೇಳಿದ್ದಳು?

“ಈ ಕಟ್ಟಿ ಭಾಳ ಹಳೇದ್ರಿ. ಬ್ಯಾಟಿಗೆ ಬಂದ ರಾಜಾ ಇದರ ಮ್ಯಾಲ ಮಲಗಿದ್ದ. ಕೆಡವಿದ್ರ ಪಾಪ ಹತ್ತತೈತಿ!”

ಅವನು ಬರೆದುಕೊಂಡ. “ಯಾವ ರಾಜಾ ರೀ?”

“ಇದ್ದ ಒಬ್ಬಾಂವ. ರಾಣಿನೂ ಬಂದಿದ್ಲು.”

ನನ್ನ ಗಂಡನಿಗೆ ಕೆಮ್ಮು ಹತ್ತಿತು.

ಅವತ್ತು ಸೂರ್ಯ ಮುಳುಗಲು ಮಾಡಿದಷ್ಟು ತಡವನ್ನು ಮತ್ತೆಂದೂ ಮಾಡಿಲ್ಲ. ಅಂತೂ ಅವನು ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ ಉಂಡ. ಅವನ ಕೈಯ ನೀರು ಆರುವ ಮೊದಲೇ ಕೇಳಿದೆ: “ಯಾವ ಕಚೇರ್ಯಾವಪಾ ನೀನು?”

“ಕಚೇರಿ ಎಲ್ಲೀದ್ರಿ? ಮುಂಡರಗ್ಯಾಗ ಮನಿ ಕಟ್ಟಸಾಕತ್ತೀವ್ರಿ. ನಮ್ಮಪ್ಪ ಮೊದಲ ಬಂಡಿ ಹೊಡೀತಿದ್ದ. ನಿಮ್ಮ ಕಟ್ಟಿ ಬಂಡಿಗೆ ಸರಿಸಮ ಎತ್ತರ ಐತಂತ. ನೆಲಕ್ಕ ಇಳೀಲಾರದ ಹತ್ತಿ ಚೀಲಾ ಸೀದಾ ಕಟ್ಟಿ ಮ್ಯಾಲ ಜಾರಸ್ತಿದ್ನಂತ. ಅಷ್ಟ ಎತ್ತರದ್ದ ಕಟ್ಟಿ ಆಗಬೇಕಂತ ಹಟಾ ಹಿಡದಾನ.”

“ಬಂದ ಕೂಡ್ಲೆ ಹೇಳಾಕ ಏನಾಗಿತ್ತೋ ನಿನಗ?”

“ನೀವು ಕೇಳಲೇ ಇಲ್ಲಲ್ರಿ!” ಎಂದು ನಕ್ಕ. “ಅಂದಂಗ, ಆ ರಾಜಾ ಯಾವ ಮೂಲ್ಯಾಗ ಮಲಗಿದ್ದ ರೀ? ನಮ್ಮಪ್ಪಂದೂ ಒಂದ ಮೂಲಿ ಇತ್ತಂತ.”

ಮುಂದೆ ರಸ್ತೆ ಆಚೆಯ ಬದಿಗೇ ಅಗಲವಾಯಿತು, ಕಟ್ಟೆ ಉಳಿಯಿತು. ಉಳಿಯದೆ ಹೋದದ್ದು ನನ್ನ ಮರ್ಯಾದೆ. ಯಾರಾದರೂ ಬಂದು ಕಟ್ಟೆ ಏರಿದರೆ ಸಾಕು, ನನ್ನ ಗಂಡ ಒಳಗೆ ಮುಖ ಮಾಡಿ ಕೂಗುತ್ತಾನೆ: “ರಾಣಿ ಸಾಹೇಬ್ರ, ಮಂದಿ ಬಂದಾರ!” ರಾಣಿ ಆಗ ಸೆರಗಿಗೆ ಕೈ ಒರೆಸಿಕೊಂಡು, ನೀರಿನ ತಂಬಿಗೆ ಹಿಡಿದು ಹೊರಗೆ ಬರಬೇಕು.